ವಿದ್ಯೆಯೂ ಅಭ್ಯಾಸವೂ

‘ವಿದ್ಯಾಭ್ಯಾಸ’ ಎಂಬ ಪದವನ್ನು ನಾವು ನಿತ್ಯವೂ ಬಳಸುತ್ತೇವೆ. ಆದರೆ ಅದರ ಉತ್ತರಪದದ ಕಡೆಗೆ ನಮ್ಮ ಗಮನ ಹರಿಯುವುದು ವಿರಳ. ಅಭ್ಯಾಸವೆಂದರೆ ಮರಳಿ ಮರಳಿ ಮಾಡುವುದು. ಪಾಣಿನೀಯ ವ್ಯಾಕರಣದಲ್ಲಿಯೂ ಧಾತುವು ದ್ವಿರುಕ್ತವಾದಾಗ ಅದರ ಪೂರ್ವಭಾಗಕ್ಕೆ ಅಭ್ಯಾಸವೆಂದೇ ಸಂಜ್ಞೆ. ಓದಿ ತಿಳಿದುದನ್ನು ಕೈಯಾರೆ ಮಾಡಿ ನೋಡಿದಾಗಲೇ ವಿದ್ಯೆಗೆ ಅಭ್ಯಾಸವು ಕೂಡುತ್ತದೆ. ಇಂದು ಇಂಟರ್ನ್‌ಶಿಪ್ ಎಂದು ಕರೆಯಲಾಗುವ ಕಾರ್ಯಾನುಭವದ ತಿರುಳು ಇದೇ.

ಮಂಗಳೂರಿಗೆ ಇದು ಹೊಸತಲ್ಲ. ಬಾಸೆಲ್ ಮಿಷನ್ನಿನವರು ಇಲ್ಲಿ 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಅಚ್ಚಿನ ಮೊಳೆ ಜೋಡಿಸುವುದನ್ನೂ ಜೇಡಿಮಣ್ಣನ್ನು ಹದಗೊಳಿಸುವುದನ್ನೂ ಜನರು ಕಲಿತದ್ದು ಕೆಲಸದ ನಡುವೆಯೇ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶವು 1894ರಲ್ಲಿ ಹೊರಬಂದುದು ಆ ಮುದ್ರಣಾಲಯದಿಂದ. ಪಂಡಿತರ ಪಾಂಡಿತ್ಯಕ್ಕೆ ಮೊಳೆ ಜೋಡಿಸುವವರ ಕೈಚಳಕವು ನೆರವಾಗದಿದ್ದರೆ ಆ ಮಹಾಗ್ರಂಥ ನಮಗೆ ದೊರೆಯುತ್ತಿತ್ತೆ?

ಇಂದಿಗೂ ಕೆಲವು ವಿದ್ಯೆಗಳಲ್ಲಿ ಈ ಕ್ರಮವು ಭದ್ರವಾಗಿದೆ. ವೈದ್ಯವಿದ್ಯಾರ್ಥಿಯು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯದೆ ಪದವಿಯನ್ನು ಪಡೆಯಲಾರನು. ಆದರೆ ಬಿ.ಎ., ಬಿ.ಕಾಂ. ಓದುವವರ ಪಾಡೇನು? 1961ರ ಅಪ್ರೆಂಟಿಸ್ ಕಾಯಿದೆಯು ಮೊದಲು ಕುಶಲಕರ್ಮಿಗಳಿಗೆ ಮಾತ್ರ ಸಂಬಂಧಿಸಿತ್ತು; 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರು ಅದರೊಳಗೆ ಬಂದರು; ಇತರ ಪದವೀಧರರಿಗೆ ಬಾಗಿಲು ತೆರೆದುದು 2014ರಲ್ಲಿ. ಪದವಿಯ ಅವಧಿಯಲ್ಲಿಯೇ ಕಾರ್ಯಾನುಭವವನ್ನು ಸೇರಿಸಲು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2020ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು.

ಆದರೂ ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಗೆ ಹೋಗಲಾರರು. ನನ್ನ ಶಿಷ್ಯೆಯೊಬ್ಬಳಿಗೆ ನಗರದ ಒಂದು ಕಚೇರಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ದೊರೆಯಿತು. ಆಕೆಯ ತಾಯಿ ಬೀಡಿ ಕಟ್ಟಿ ಸಂಸಾರ ನಡೆಸುವವರು. ಶಿಷ್ಯವೇತನವಿಲ್ಲ, ಬಸ್ಸಿನ ಖರ್ಚು ಮನೆಯದು, ಕೆಲಸವೆಂದರೆ ಕಡತಗಳ ಧೂಳು ಕೊಡಹುವುದು. ಮೂರನೆಯ ವಾರಕ್ಕೆ ಆಕೆ ಬಿಟ್ಟುಬಂದಳು. “ಸರ್, ಅಮ್ಮನ ಹತ್ತಿರ ಇನ್ನು ಕೇಳಲು ಮನಸ್ಸಾಗಲಿಲ್ಲ” ಎಂದಳು. ಬುದ್ಧಿಯಲ್ಲಿ ಆಕೆಗೆ ಕೊರತೆಯಿರಲಿಲ್ಲ.

ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಆದವನಿಗೆ ಶಿಷ್ಯವೇತನವು ಹಕ್ಕು. ಕಾಲೇಜು ಹೊಂದಿಸಿಕೊಡುವ ಇಂಟರ್ನ್‌ಶಿಪ್ಪಿಗೆ ಆ ರಕ್ಷೆಯಿಲ್ಲ. ಆದುದರಿಂದ ಕಾಲೇಜುಗಳು ಮೂರು ವಿಷಯಗಳನ್ನು ಮೊದಲೇ ಲಿಖಿತವಾಗಿ ನಿಶ್ಚಯಿಸಿಕೊಳ್ಳುವುದು ಯುಕ್ತ: ವಿದ್ಯಾರ್ಥಿಯು ಕಲಿಯಬೇಕಾದ ಕೆಲಸ ಯಾವುದು, ಕಲಿಸುವವರು ಯಾರು, ದಾರಿಯ ಖರ್ಚು ಯಾರದು. ಸಂಸ್ಥೆಯು ಕೊಡದಿದ್ದರೆ ಹಳೆಯ ವಿದ್ಯಾರ್ಥಿಗಳು ಒಂದು ನಿಧಿಯನ್ನು ಕೂಡಿಸಲಿ. ಬ್ಯಾಂಕು, ಬಂದರು, ಮುದ್ರಣಾಲಯ, ಪತ್ರಿಕೆ, ಆಕಾಶವಾಣಿ ಎಲ್ಲವೂ ಇರುವ ಈ ನಗರದಲ್ಲಿ ಕಲಿಯುವ ಸ್ಥಳಗಳಿಗೆ ಬರವಿಲ್ಲ. ಕನ್ನಡ ಓದುವವನು ಕರಡಚ್ಚು ತಿದ್ದಲಿ. ವಾಣಿಜ್ಯ ಓದುವವನು ನಿಜವಾದ ಲೆಕ್ಕದ ಪುಸ್ತಕವನ್ನು ಬಿಡಿಸಲಿ.

ಶರಣರು ಕಾಯಕವನ್ನು ಜ್ಞಾನದಿಂದ ಬೇರ್ಪಡಿಸಲಿಲ್ಲ. ದುಡಿದವನ ಪಾಲನ್ನೂ ಮರೆಯಲಿಲ್ಲ. ವಿದ್ಯಾರ್ಥಿಗಳೇ, ಕೈಕೆಲಸವನ್ನು ಕೀಳೆಂದು ಬಗೆಯಬೇಡಿರಿ. ಹಿರಿಯರೇ, ಬಸ್ಸಿನ ಖರ್ಚಿಗೆ ಹಣವಿಲ್ಲವೆಂಬ ಕಾರಣದಿಂದ ಯಾವ ಮಗುವಿನ ಅಭ್ಯಾಸವೂ ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳಿರಿ.