ಒಂದು ಟ್ಯೂಬ್ ಬ್ಲಾಕ್ ಆದರೆ ಗರ್ಭ ನಿಲ್ಲುವುದಿಲ್ಲವೇ?

ಪ್ರಶ್ನೆ: ನನಗೆ 29 ವರ್ಷ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲ. ಮುಟ್ಟು ಪ್ರತಿ ತಿಂಗಳೂ ಸರಿಯಾಗಿ ಆಗುತ್ತದೆ. ಔಷಧ ಹಾಯಿಸಿ ತೆಗೆದ ಎಕ್ಸ್‌ರೇಯಲ್ಲಿ ಬಲಗಡೆಯ ಟ್ಯೂಬ್ ಗರ್ಭಕೋಶದ ಹತ್ತಿರವೇ ಬ್ಲಾಕ್ ಆಗಿದೆ, ಎಡಗಡೆಯದು ಸರಿಯಿದೆ ಎಂದಿದ್ದಾರೆ. ನಾಟಿ ಔಷಧಿ ಕುಡಿದರೆ ತೆರೆದುಕೊಳ್ಳುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಅಂಡಾಣು ಮತ್ತು ವೀರ್ಯಾಣು ಕೂಡುವುದು ಸುಮಾರು 10 ಸೆಂ.ಮೀ. ಉದ್ದದ ಈ ಟ್ಯೂಬಿನೊಳಗೇ. ಎರಡೂ ಕಡೆ ಮುಚ್ಚಿದರೆ ಸಹಜವಾಗಿ ಗರ್ಭ ನಿಲ್ಲುವುದು ಕಷ್ಟ. ನಿಮಗೆ ಒಂದು ಕಡೆ ದಾರಿ ಇದೆ. ಟ್ಯೂಬ್ ಮುಚ್ಚಿದರೂ ಮುಟ್ಟು ತಪ್ಪುವುದಿಲ್ಲ, ಆದ್ದರಿಂದಲೇ ಇಷ್ಟು ದಿನ ಸುಳಿವು ಸಿಕ್ಕಿಲ್ಲ.

ಗರ್ಭಕೋಶದ ಹತ್ತಿರದ ಬ್ಲಾಕ್ ಎಷ್ಟೋ ಸಲ ನಿಜವಾದ ಬ್ಲಾಕ್ ಆಗಿರುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಸ್ನಾಯು ಬಿಗಿದುಕೊಂಡರೂ ಔಷಧ ಮುಂದೆ ಹೋಗುವುದಿಲ್ಲ. ಅಗತ್ಯ ಕಂಡರೆ ವೈದ್ಯರು ಲ್ಯಾಪರೊಸ್ಕೋಪಿ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ.

ಬ್ಲಾಕ್ ನಿಜವಾಗಿದ್ದರೆ, ಏಕೆ ಆಯಿತು ಎಂದು ಕೇಳಲೇಬೇಕು. ಗರ್ಭಪಾತದ ನಂತರದ ಸೋಂಕು, ಲೈಂಗಿಕ ಸೋಂಕು, ಹಿಂದೆಂದೋ ಒಡೆದ ಅಪೆಂಡಿಕ್ಸ್, ಎಂಡೊಮೆಟ್ರಿಯೋಸಿಸ್ ಕಾರಣವಾಗಿರಬಹುದು. ನಮ್ಮ ದೇಶದಲ್ಲಿ ಮರೆಯಬಾರದ್ದು ಕ್ಷಯ. ಕೆಮ್ಮು, ಜ್ವರ ಯಾವುದೂ ಇಲ್ಲದೆ ಅದು ಟ್ಯೂಬನ್ನು ಹಾಳುಮಾಡಬಲ್ಲದು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸುತ್ತಾರೆ. ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಡುವೆ ಮಾತ್ರೆ ಬಿಡಬಾರದು.

ಮುಚ್ಚಿದ ಟ್ಯೂಬನ್ನು ತೆರೆಯುತ್ತದೆ ಎಂದು ಸಾಬೀತಾದ ಯಾವ ಕಷಾಯವೂ ಇಲ್ಲ. ಅತ್ತೆಯವರ ಕಾಳಜಿ ನಿಜ, ಆದರೆ ವಯಸ್ಸಾದಂತೆ ಅಂಡಾಣುಗಳು ಕಡಿಮೆಯಾಗುತ್ತವೆ. ಔಷಧಿ ಕುಡಿಯುತ್ತಾ ವರ್ಷ ಕಳೆಯಬೇಡಿ. ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಿದೆಯೇ? ಪತ್ರದಲ್ಲಿ ಆ ಮಾತೇ ಇಲ್ಲ. ಅದು ಸುಲಭದ, ಕಡಿಮೆ ಖರ್ಚಿನ ಪರೀಕ್ಷೆ, ಎಂದೋ ಆಗಬೇಕಿತ್ತು.

ಮುಂದೆ ಎರಡೂ ಟ್ಯೂಬ್ ಕೆಟ್ಟಿವೆ ಎಂದು ಕಂಡುಬಂದರೂ ಐವಿಎಫ್ ಇದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್‌ಳ ತಾಯಿಗೂ ಟ್ಯೂಬ್‌ಗಳು ಮುಚ್ಚಿದ್ದವು. ಟ್ಯೂಬಿನಲ್ಲಿ ನೀರು ತುಂಬಿದ್ದರೆ ಮಾತ್ರ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಇಲ್ಲವಾದರೆ ಐವಿಎಫ್ ಫಲಿಸುವ ಸಾಧ್ಯತೆ ತುಂಬಾ ಕುಗ್ಗುತ್ತದೆ.

ಟ್ಯೂಬಿಗೆ ಪೆಟ್ಟಾದವರಲ್ಲಿ ಗರ್ಭ ಟ್ಯೂಬಿನಲ್ಲೇ ನಿಲ್ಲುವ ಅಪಾಯ ಹೆಚ್ಚು. ಆದ್ದರಿಂದ ಮುಟ್ಟು ನಿಂತ ಕೂಡಲೇ ವೈದ್ಯರಿಗೆ ತಿಳಿಸಿ, ಬೇಗ ಸ್ಕ್ಯಾನ್ ಮಾಡಿಸಿ. ಕಿಬ್ಬೊಟ್ಟೆಯ ಒಂದೇ ಕಡೆ ಜೋರು ನೋವು, ತಲೆಸುತ್ತು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.