ಅವರೆ ತಿಗಣೆಯ ಗಿಣ್ಣು

ನಮ್ಮ ಲಕ್ಕೂರು ಕಡೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅವರೆ ಹಾಕದವರು ಕಡಿಮೆ. ಹೂ ಬಿಡುವ ಹೊತ್ತಿಗೆ ಎಳೆ ಕಾಂಡಕ್ಕೆ ಗುಂಪುಗುಂಪಾಗಿ ಮೆತ್ತಿಕೊಳ್ಳುವ ಹಸಿರು ಗುಂಡು ತಿಗಣೆ ನಿಮಗೂ ಗೊತ್ತು. ಮುಟ್ಟಿದರೆ ಕೈಯೆಲ್ಲ ನಾತ. (ಅವರೆ ಸೊಗಡು ಬೇರೆ, ಇದು ಬೇರೆ!) ರಸ ಹೀರಿ ಕುಡಿ ಬಾಡಿಸುತ್ತದೆ. ಔಷಧಿ ಹೊಡೆಯೋಣ ಅಂದರೆ ಹೂವಿಗೆ ಜೇನು ಬರುವ ಕಾಲ, ಕಾಯಿ ಕಿತ್ತು ತಿನ್ನೋರೂ ನಾವೇ.

ಇದರ ಮೊಟ್ಟೆ ಹುಡುಕಿ ನೋಡಿ. ಎಲೆ ಅಡಿಯಲ್ಲೋ ಕುಡಿಯಲ್ಲೋ ಎರಡು ಸಾಲಾಗಿ ಜೋಡಿಸಿರುತ್ತದೆ. ಮೆಲ್ಲಗೆ ಎತ್ತಿ ಭೂತಗನ್ನಡಿ ಹಿಡಿದರೆ ಮೊಟ್ಟೆಯಡಿ ಕಂದು ಚುಕ್ಕೆಗಳು ಕಾಣುತ್ತವೆ. ಅದು ಹಿಕ್ಕೆಯಲ್ಲ. ತಾಯಿ ತನ್ನ ಕರುಳಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾವನ್ನು ಗುಳಿಗೆ ಕಟ್ಟಿ ಇಟ್ಟಿರುವುದು! ಮೂರ್ನಾಲ್ಕು ಮೊಟ್ಟೆಗೆ ಒಂದು ಗುಳಿಗೆಯ ಲೆಕ್ಕ. ಮೊಟ್ಟೆಯೊಡೆದ ಮರಿ ಮೊದಲು ಬಾಯಿ ಹಾಕುವುದು ಬಳ್ಳಿಗಲ್ಲ, ಈ ಗುಳಿಗೆಗೆ. ಕರುವಿಗೆ ಗಿಣ್ಣು ಹಾಲಿದ್ದಂತೆ ಅನ್ನಿ. ಬಳ್ಳಿಯ ರಸದಲ್ಲಿ ಪುಷ್ಟಿ ಕಮ್ಮಿ. ಕಮ್ಮಿಯಾದ ಅಮೈನೋ ಆಮ್ಲಗಳನ್ನು ಹೊಟ್ಟೆ ಸೇರಿದ ಈ ಬ್ಯಾಕ್ಟೀರಿಯಾವೇ ತಯಾರಿಸಿ ಕೊಡುತ್ತದೆ.

ಜಪಾನಿನ ಫುಕಾತ್ಸು, ಹೊಸೊಕಾವಾ ಎಂಬ ವಿಜ್ಞಾನಿಗಳು ಗುಳಿಗೆ ತೆಗೆದು ನೋಡಿದರು. 2002ರಲ್ಲಿ ಅದನ್ನು ಪ್ರಕಟಿಸಿದರು. ಗುಳಿಗೆ ಸಿಗದ ಮರಿಗಳು ಬೆಳೆಯದೆ ಕುಗ್ಗಿದವು, ಬಹಳ ಸತ್ತವು. ಅವರ ಇನ್ನೊಂದು ಪ್ರಯೋಗದಲ್ಲಿ ಕುಡಿದವು ಸುಮ್ಮನೆ ಕೂತರೆ, ಸಿಗದವು ಹುಡುಕುತ್ತಾ ಅಲೆದವು. 2007ರಲ್ಲಿ ಇನ್ನೂ ಸೋಜಿಗ. ಅಲ್ಲಿ ಸೋಯಾ ಬೆಳೆ ಕಾಡುವ ಒಂದು ತಿಗಣೆ ಉಂಟು. ಅದರ ದಾಯಾದಿ, ಅಂದರೆ ನಮ್ಮ ಅವರೆ ತಿಗಣೆಯ ಜಾತಿ, ಸೋಯಾದಲ್ಲಿ ಇಟ್ಟ ಮೊಟ್ಟೆ ಸರಿಯಾಗಿ ಒಡೆಯುತ್ತಿರಲಿಲ್ಲ. ಎರಡರ ಗುಳಿಗೆ ಅದಲುಬದಲು ಮಾಡಿದರು. ಫಲವೂ ಅದಲುಬದಲಾಯಿತು! ಬೆಳೆ ತಿಂದು ದಕ್ಕಿಸಿಕೊಳ್ಳುವ ಶಕ್ತಿ ಹುಳದ್ದಷ್ಟೇ ಅಲ್ಲ, ಹೊಟ್ಟೆಯೊಳಗಿನ ಜೀವಿಯದೂ ಹೌದು.

ಇದರಿಂದ ನಮಗೇನು ಅಂತೀರಾ? ಮೊಟ್ಟೆ ಇರುವ ಎಲೆ ಕಿತ್ತು ಬದುವಿಗೆ ಎಸೆದರೆ ಗುಳಿಗೆಯೂ ಜೊತೆಗೇ ಇರುತ್ತದೆ. ಮರಿ ಅಲ್ಲೇ ಒಡೆದು, ಕುಡಿದು, ಮತ್ತೆ ಬಳ್ಳಿ ಹತ್ತೀತು. ಆದ್ದರಿಂದ ಎಲೆಯನ್ನು ಸೋಪಿನ ನೀರಿನ ಬಕೆಟ್ಟಿಗೇ ಹಾಕಿ, ಮುಳುಗಿಸಿ ಬಿಡಿ. ಈಗಷ್ಟೇ ಒಡೆದ ಮರಿಗಳು ಗುಳಿಗೆ ಹೀರುತ್ತಾ ಮೊಟ್ಟೆ ಸಿಪ್ಪೆಯ ಹತ್ತಿರವೇ ಇರುತ್ತವೆ, ಆಗಲೂ ಒಂದೇ ಎಲೆಗೆ ಎಲ್ಲ ಸಿಗುತ್ತವೆ. ದೊಡ್ಡ ತಿಗಣೆಯಾದರೆ ಬೆಳಗಿನ ಚಳಿಯಲ್ಲಿ, ಹಾರುವ ಮೊದಲು, ಕುಡಿ ಬಗ್ಗಿಸಿ ಅದೇ ಬಕೆಟ್ಟಿಗೆ ಕೊಡವಬೇಕು. ಮೊದಲು ಸೀಮೆಎಣ್ಣೆ ಬೆರೆಸುತ್ತಿದ್ದೆವು. ಈಗ ಅದು ಸಿಗುವುದು ಕಷ್ಟ, ಬಟ್ಟೆ ಸೋಪಿನ ನೀರೇ ಸಾಕು.