ಎರಡು ಲಕ್ಷವೆಂದು ಎಣಿಸಿದವರಾರು?

ಸೆಪ್ಟೆಂಬರ್ 17 ಬಂತೆಂದರೆ ಕಲ್ಯಾಣ ಕರ್ನಾಟಕದ ಸಭೆಗಳಲ್ಲಿ ಹೈದರಾಬಾದ್ ವಿಮೋಚನೆಯ ಭಾಷಣಗಳಾಗುತ್ತವೆ. ರಜಾಕಾರರು ಎರಡು ಲಕ್ಷ ಇದ್ದರೆಂಬ ಮಾತು ಅಲ್ಲಿ ಆಗಾಗ ಕೇಳಬರುತ್ತದೆ. ಖರಾಡಿಯ ನಮ್ಮ ವಾಚನಾಲಯಕ್ಕೆ ಬೀದರ, ಕಲಬುರಗಿ ಕಡೆಯ ಬಂಧುಗಳು ಬರುವುದರಿಂದ ಈ ಅಂಕಿಯನ್ನು ಹೇಗೆ ಓದಬೇಕೆಂದು ಈ ಸಲ ನೋಡೋಣ.

ಗಿರಣಿಯಲ್ಲಿ ಲೆಕ್ಕ ಬರೆಯುವ ನಾವು ಮೊದಲು ಕೇಳುವುದು, ಎಣಿಸಿದವರಾರು ಎಂದು. ಇದು ತಲೆಯೆಣಿಸಿ ಬರೆದ ಸಂಖ್ಯೆಯಲ್ಲ, ಅಂದಾಜು. ಸಂಖ್ಯೆ ದೊಡ್ಡದಾದಷ್ಟೂ ರಜಾಕಾರರ ಮುಖಂಡ ಕಾಸಿಂ ರಜ್ವಿಗೆ ಬಲ. ಅವನ ಮೇಲೆ ಸೇನೆ ಕಳಿಸಬೇಕೆನ್ನುವವರಿಗೂ ಅದೇ ಅನುಕೂಲ. ಇಳಿಸಿ ಹೇಳುವ ಗರಜು ಇವರಿಬ್ಬರಿಗೂ ಇರಲಿಲ್ಲ.

ಹಾಗೆಂದು ಜನರ ಭಯ ಸುಳ್ಳಾಗಿರಲಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕೊಲೆಗಳನ್ನು ಆ ಊರು ಮರೆತಿಲ್ಲ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನು ಕರಾಚಿಯಿಂದ ವಿಮಾನದಲ್ಲಿ ಶಸ್ತ್ರ ಸಾಗಿಸಿದ್ದೂ ನಿಜ. ಆದರೆ ಶಸ್ತ್ರ ಬಂದಿವೆ ಎಂಬ ಸುದ್ದಿ, ಮುಂಬಯಿ ಅಹಮದಾಬಾದುಗಳ ಮೇಲೆ ಬಾಂಬು ಬೀಳುತ್ತದೆ ಎಂಬವರೆಗೆ ಬೆಳೆಯಿತು. ಸೇನಾಧಿಪತಿ ಜನರಲ್ ಬುಚರ್ ಅವರಿಗೇ ಈ ಅಂಜಿಕೆಯಿತ್ತು. ಬಾಂಬು ಬೀಳಲಿಲ್ಲ. ಸೆಪ್ಟೆಂಬರ್ 13ಕ್ಕೆ ಸೇನೆ ಒಳಹೊಕ್ಕಿತು, 17ಕ್ಕೆ ನಿಜಾಮರು ಮಣಿದರು. ರಜಾಕಾರರಲ್ಲಿ ಬಹಳ ಜನರ ಕೈಯಲ್ಲಿದ್ದದ್ದು ಹಳೆಯ ಬಂದೂಕು, ಈಟಿ, ಕತ್ತಿ.

ಭಾಷಣವೇ ಗುಪ್ತ ಮಾಹಿತಿಯಾದದ್ದೂ ಉಂಟು. ಕತ್ತಿ ಹಿಡಿದು ಮುನ್ನುಗ್ಗಿರೆಂದು ರಜ್ವಿ ಕರೆಯಿತ್ತನೆಂಬ ವರದಿ ಆ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಬಂದು ದೆಹಲಿಯಲ್ಲಿ ಕೋಲಾಹಲವಾಯಿತು. ಅಂಥ ಭಾಷಣವೇ ಆಗಿಲ್ಲವೆಂದು ಹೈದರಾಬಾದಿನವರು ಅಲ್ಲಗಳೆದರು. ರಜ್ವಿಯ ಬೇರೆ ಬಡಾಯಿಗಳನ್ನು ಬಲ್ಲವರು ಈ ಅಲ್ಲಗಳೆತವನ್ನು ನಂಬದಿದ್ದರೆ ಆಶ್ಚರ್ಯವಿಲ್ಲ. ಆದರೂ ವರದಿ ಬೇರೆ, ರುಜುವಾತು ಬೇರೆ.

ಇನ್ನು ಮುಂದಿನ ಪುಟ. ಕಾರ್ಯಾಚರಣೆಯ ಕಾಲದಲ್ಲೂ ಆಮೇಲೂ ಮುಸಲ್ಮಾನರ ಕೊಲೆಗಳಾದವೆಂಬ ದೂರು ಬಂದಾಗ ನೆಹರೂ ಅವರು ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿದರು. ಸತ್ತವರು 27,000ದಿಂದ 40,000 ಎಂದು ಸಮಿತಿ ಅಂದಾಜು ಕಟ್ಟಿತು. ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹೆಚ್ಚು ಎಂದಿತು. ಸರದಾರ ಪಟೇಲರು ಇದನ್ನು ಒಪ್ಪಲಿಲ್ಲ. ವರದಿ ಸಾರ್ವಜನಿಕರ ಕೈಗೆ ಬಂದದ್ದು 2013ರಲ್ಲಿ.

ಈಗ ಈ ಸಂಖ್ಯೆಯೂ ಭಾಷಣಗಳಿಗೆ ಬಂದಿದೆ. ಇದಕ್ಕೂ ನಮ್ಮ ಪ್ರಶ್ನೆ ಅದೇ. ಸಮಿತಿ ಹೆಸರು ಹಿಡಿದು ಎಣಿಸಲಿಲ್ಲ. ಆದರೆ 16 ಜಿಲ್ಲೆಗಳಲ್ಲಿ 9 ಸುತ್ತಿತು, ತಾನು ಹೋಗಲಾರದ ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಕರೆದು ಕೇಳಿತು, ಹಾಗೆ ಮಾಡಿದೆವೆಂದು ಬರೆದೂ ಇಟ್ಟಿತು. ಎರಡು ಲಕ್ಷ ಎನ್ನುವ ಭಾಷಣಕಾರರು ಇಷ್ಟು ಆಧಾರವನ್ನೂ ಕೊಡುವುದಿಲ್ಲ.

ಆ ಕಾಲದ ಸಂಗತಿ ಮನೆಯ ಹಿರಿಯರಿಂದ ಕೇಳಿದವರಿದ್ದರೆ, ಊರು, ತಿಂಗಳು, ಹೇಳಿದವರಾರು ಎಂಬುದನ್ನು ಸೇರಿಸಿ ಬರೆದು ವಾಚನಾಲಯಕ್ಕೆ ಕೊಡಬೇಕೆಂದು ಕೋರುತ್ತೇವೆ.